ರೆಪೆಕಾಳ ಕ್ರಿಯಾಪದಗಳು

ಕಂತು ಒಂಬತ್ತು

"ಇದು ನನ್ನ ಹುಡುಗಿಯ ತಪ್ಪಲ್ಲ," ಎಂದರು ಮಿಸ್ ಪೆನಿನಾ.

ಅವರ ಕೆಂಪು ಪೆನ್ನಿನ ಮೊನೆ ಹಾಳೆಯ ನಡುವೆ ಒಂದು ಪದದ ಕೆಳಗೆ ನಿಂತಿತ್ತು.

"ತಪ್ಪು ಅಂದ್ಮೇಲೆ ಯಾರದಾದರೇನು ಮಿಸ್?" ಎಂದೆ.

"ಹಾಗನ್ನಬೇಡ ಟೆಪೋರಾ. ನಲವತ್ತು ವರ್ಷ ಮಕ್ಕಳ ತಪ್ಪು ತಿದ್ದಿದೀನಿ. ಹೆಸರಿಲ್ಲದ ಉತ್ತರ ಪತ್ರಿಕೆ ಕೊಟ್ಟು ನೋಡು, ಎರಡು ಸಾಲು ಓದಿ ಯಾರದು ಅಂತ ಹೇಳ್ತೀನಿ. ಒಬ್ಬರ ತಪ್ಪು ಇನ್ನೊಬ್ಬರಿಗೆ ಅಂಟಲ್ಲ."

ನಾವು ಕೂತಿದ್ದ ಲೋಗನ್ ಪೊಲೀಸ್ ಠಾಣೆಯಲ್ಲಿ ಎಲ್ಲರೂ ನನ್ನನ್ನು ಡೆಬ್ ಎಂದು ಕರೆಯುತ್ತಾರೆ. ಡೆಬೊರಾ ಎಂಬ ಹೆಸರನ್ನು ನಮ್ಮ ಸಮೋವಾದ ನಾಲಿಗೆಗೆ ತಕ್ಕಂತೆ ಟೆಪೋರಾ ಎನ್ನುವವರು, ನನ್ನ ಅಜ್ಜಿ ಹೋದ ಮೇಲೆ, ಇವರೊಬ್ಬರೇ. ನಾವು ಕರೆಸಿದ್ದಕ್ಕೆ ಮಿಸ್ ಸಮೋವಾದ ಸವಾಯಿ ದ್ವೀಪದಿಂದ ಎರಡು ವಿಮಾನ ಹತ್ತಿ ಬಂದು ಐದು ದಿನವಾಗಿತ್ತು. ಚೀಲದಲ್ಲಿ ಎರಡು ಜೊತೆ ಬಟ್ಟೆ, ಒಂದು ಬೈಬಲ್, ಒಂದು ಕಟ್ಟು ಹಾಳೆ. ಅಷ್ಟೇ.

ರೆಪೆಕಾ ಕಾಣೆಯಾಗಿ ಐದು ತಿಂಗಳಾಗಿದ್ದರೂ ಪ್ರತಿ ಭಾನುವಾರ ಅವಳ ಫೋನಿನಿಂದ ಸಂದೇಶ ಬರುತ್ತಲೇ ಇತ್ತು. ಅವಳ ಕೆಲಸದವರು ತಡವಾಗಿ ಕೊಟ್ಟ ದೂರಿನಿಂದ ನಮ್ಮ ಕೈಗೆ ಬಂದ ಕೇಸೆಂದರೆ ಇಷ್ಟೇ.

ಆ ಸಂದೇಶಗಳು ಶುರುವಾದದ್ದು ಒಂದು ಒಪ್ಪಂದದಿಂದ. ರೆಪೆಕಾ ಊರಿನಲ್ಲಿ ನರ್ಸ್ ಆಗಿದ್ದವಳು. ಇಲ್ಲಿ ಬಂದು ಒಂದು ವೃದ್ಧಾಶ್ರಮದಲ್ಲಿ ಮುದುಕರಿಗೆ ಸ್ನಾನ ಮಾಡಿಸುವ, ಉಣ್ಣಿಸುವ ಕೆಲಸಕ್ಕೆ ಸೇರಿದಳು. ಇಲ್ಲಿಯೂ ನರ್ಸ್ ಆಗಬೇಕಾದರೆ ಇಂಗ್ಲಿಷ್ ಪರೀಕ್ಷೆ ಪಾಸು ಮಾಡಬೇಕು. ಓದುವುದು, ಕೇಳುವುದು, ಮಾತಾಡುವುದು, ಮೂರರಲ್ಲೂ ಅವಳು ಗಟ್ಟಿ. ಬರೆಯುವುದರಲ್ಲಿ ಮಾತ್ರ ಪ್ರತಿ ಸಲ ಅರ್ಧ ಅಂಕಕ್ಕೆ ಬೀಳುತ್ತಿದ್ದಳು. ಬೀಳಿಸುತ್ತಿದ್ದುದು ಕ್ರಿಯಾಪದ.

ಅದಕ್ಕೇ ಅವಳ ಹಳೆಯ ಮೇಡಂ, ಇದೇ ಮಿಸ್ ಪೆನಿನಾ, ಒಂದು ಕಟ್ಟಳೆ ಹಾಕಿದ್ದರು. ಪ್ರತಿ ಭಾನುವಾರ ಮಧ್ಯಾಹ್ನ ಎರಡಕ್ಕೆ ಹತ್ತು ಸಾಲು ಬರೆದು ಕಳಿಸಬೇಕು. ಇಂಗ್ಲಿಷಿನಲ್ಲೇ ಬರೆಯಬೇಕು. ಫೋನಿನಲ್ಲಿ ತಾನಾಗಿ ತಿದ್ದುವ ಸೌಕರ್ಯವಿದೆಯಲ್ಲ, ಅದನ್ನು ಬಂದ್ ಮಾಡಿರಬೇಕು. ಮಿಸ್ ಆ ಹತ್ತು ಸಾಲನ್ನು ಶಾಲೆಯಲ್ಲಿ ಪ್ರಿಂಟ್ ತೆಗೆಸಿ, ಕೆಂಪು ಪೆನ್ನಿನಲ್ಲಿ ತಿದ್ದಿ, ಅಂಕ ಹಾಕಿ, ಫೋಟೋ ತೆಗೆದು ವಾಪಸು ಕಳಿಸುವರು. ಆಮೇಲೆ ರೆಪೆಕಾಳ ತಾಯಿ ಅಸೋಮುವಾಳ ಮನೆಗೆ ಹೋಗಿ, ಚಾಪೆಯ ಮೇಲೆ ಕೂತು, ಹತ್ತು ಸಾಲನ್ನೂ ಸಮೋವನ್ ಭಾಷೆಯಲ್ಲಿ ಓದಿ ಹೇಳುವರು. ಆ ತಾಯಿಗೆ ಇಂಗ್ಲಿಷ್ ಬಾರದು. ಮಗಳ ದನಿ ಅವಳಿಗೆ ತಲುಪುತ್ತಿದ್ದುದು ಮಿಸ್‌ನ ಬಾಯಿಂದಲೇ.

"ನೋಡು," ಎಂದು ಮಿಸ್ ಹಾಳೆಗಳನ್ನು ಎರಡು ಗುಡ್ಡೆ ಮಾಡಿದರು. "ಈ ಕಡೆ ಫೆಬ್ರವರಿಯಿಂದ ಮೇ ತನಕ. ನನ್ನ ಹುಡುಗಿಗೆ ಒಂದು ಹಳೇ ರೋಗ. 'ಡಿಡ್' ಬಂದ ಮೇಲೆ ಮುಂದಿನ ಕ್ರಿಯಾಪದ ಮೂಲರೂಪಕ್ಕೆ ಬರಬೇಕು. 'ಐ ಡಿಡ್ ನಾಟ್ ಗೋ.' ಇವಳು 'ಡಿಡ್ ನಾಟ್ ವೆಂಟ್' ಅಂತಾಳೆ. ಏಳನೇ ಕ್ಲಾಸಲ್ಲಿ ಕಿವಿ ಹಿಂಡಿದೆ, ಹೋಗಲಿಲ್ಲ. ಕಾಲೇಜಲ್ಲಿ ಹೇಳಿದೆ, ಹೋಗಲಿಲ್ಲ. ಜೂನ್ ಎರಡನೇ ತಾರೀಕು ಇದ್ದಕ್ಕಿದ್ದ ಹಾಗೆ ಹೋಯ್ತು! ನಾನು ಮೂರ್ಖಿ, ನನ್ನ ಪಾಠ ಹತ್ತಿತು ಅಂತ ಹಿಗ್ಗಿದೆ."

"ಮತ್ತೆ ಈ ಕಡೆ ಗುಡ್ಡೆಯಲ್ಲಿ ತಪ್ಪೇ ಇಲ್ವಾ?"

"ಇದೆ. ಹೊಸ ತಪ್ಪು. ಅದಕ್ಕೇ ತಲೆ ಕೆಟ್ಟಿರೋದು. 'ಐ ಸೀನ್ ದಿ ಸೀ' ಅಂತ ಬರೀತಾಳೆ. 'ಸಾ' ಅನ್ನಬೇಕು, ಇಲ್ಲಾ 'ಹ್ಯಾವ್ ಸೀನ್' ಅನ್ನಬೇಕು. ಬರೀ 'ಸೀನ್' ಅಂದ್ರೆ ಕಾಲಿಲ್ಲದ ಮೇಜು. ಇಲ್ನೋಡು, 'ಐ ವುಡ್ ಆಫ್ ಕಾಲ್ಡ್'. 'ವುಡ್ ಹ್ಯಾವ್' ಅಂತ ಇರಬೇಕಾದ ಕಡೆ 'ಆಫ್'! ನನ್ನ ಯಾವ ವಿದ್ಯಾರ್ಥಿಯೂ ನಲವತ್ತು ವರ್ಷದಲ್ಲಿ ಈ ತಪ್ಪು ಮಾಡಿಲ್ಲ ಟೆಪೋರಾ. ಮಾಡಬೇಕು ಅಂದ್ರೂ ಬರಲ್ಲ."

ನಾನು ಹಾಳೆಗಳನ್ನು ಎಣಿಸಿದೆ. ಫೋನ್ ಕಂಪನಿ ಕೊಟ್ಟ ಪಟ್ಟಿಯಲ್ಲಿ ನಲವತ್ತು ಸಂದೇಶ. ಮೇಜಿನ ಮೇಲೆ ಮೂವತ್ತೊಂಬತ್ತು.

"ಮೇ ಇಪ್ಪತ್ತಾರರದು ಎಲ್ಲಿ ಮಿಸ್? ಅವಳು ಕಾಣೆಯಾಗೋ ಮುಂಚಿನ ಕೊನೆಯದು."

"ಕಳೆದುಹೋಯ್ತು," ಎಂದರು. ನಾನು ಕೇಳಿ ಮುಗಿಸುವ ಮುಂಚೆಯೇ.

ಚಾಕ್‌ಪೀಸ್ ತುಂಡನ್ನೂ ಎತ್ತಿಡುವ ಹೆಂಗಸು ಇವರು. ಕೊನೆಯ ಹಾಳೆ ಕಳೆದೀತೇ? ನಾನು ಅವರ ಬೈಬಲಿನ ಕಡೆಗೆ ಒಮ್ಮೆ ನೋಡಿದೆ. ಅವರು ಅದನ್ನು ತೊಡೆಯ ಮೇಲೆಳೆದುಕೊಂಡರು.

ಅಷ್ಟರಲ್ಲಿ ನನ್ನ ಫೋನು ಬಡಿದುಕೊಂಡಿತು. ಸಾರ್ಜೆಂಟ್. ಟವರಿನ ವರದಿ ನೋಡಿದೆಯಾ ಎಂದು ಕೇಳಿದ. ರೆಪೆಕಾಳ ಫೋನು ಭಾನುವಾರ ಎರಡು ಗಂಟೆಗೆ ಐದಾರು ನಿಮಿಷ ಮಾತ್ರ ಜೀವ ಬಂದು ಮತ್ತೆ ಆರುತ್ತದೆ, ಅದೂ ಇದೇ ಲೋಗನ್ನಿನ ಸುತ್ತ. ಹೊಸದೇನಲ್ಲ. "ಯಾ, ಐ ಸೀನ್ ಇಟ್," ಎಂದು ಹೇಳಿ ಫೋನ್ ಇಟ್ಟೆ.

ತಿರುಗಿ ನೋಡಿದರೆ ಮಿಸ್ ಪೆನಿನಾ ಎದ್ದು ನಿಂತಿದ್ದಾರೆ.

"ಏನಂದೆ ಈಗ?"

"ಏನಂದೆ?"

"ಅವನಿಗೆ ಏನಂದೆ? ಇನ್ನೊಂದು ಸಲ ಅನ್ನು."

"ಐ ಸೀನ್..." ಎಂದವಳು ಅಲ್ಲೇ ನಿಲ್ಲಿಸಿದೆ.

"ನೀನು ಹುಟ್ಟಿದ್ದೆಲ್ಲಿ?"

"ಇಲ್ಲೇ ಮಿಸ್. ಇದೇ ಊರಿನ ಆಸ್ಪತ್ರೆಯಲ್ಲಿ."

ಅವರು ಕುರ್ಚಿಗೆ ಕುಸಿದರು. ಗೆದ್ದವರ ಮುಖವಾಗಿರಲಿಲ್ಲ ಅದು. "ನಾವು ಇಂಗ್ಲಿಷನ್ನ ಪುಸ್ತಕದಿಂದ ಕಲಿತೋರು. ಬೋರ್ಡಿನ ಮೇಲೆ ಮೂರು ಕಂಬ ಬರೆದು, ಸೀ, ಸಾ, ಸೀನ್ ಅಂತ ಬಾಯಿಪಾಠ ಮಾಡಿದೋರು. ನಾವು ಬೇರೆ ಥರ ಎಡವ್ತೀವಿ. ಇಲ್ಲೇ ಹುಟ್ಟಿದ ಮಕ್ಕಳು ಕಿವಿಯಿಂದ ಕಲಿತಾರೆ. ಕೇಳಿಸಿದ ಹಾಗೆ ಬರೀತಾರೆ. 'ಹ್ಯಾವ್' ಅವರ ಕಿವಿಗೆ 'ಆಫ್' ಅಂತ ಬೀಳತ್ತೆ. ಇಂಗ್ಲಿಷ್ ತಮ್ಮದೇ ಅನ್ನೋರು ಮಾಡೋ ತಪ್ಪು ಇದು." ಅವರು ನನ್ನ ಕೈ ಹಿಡಿದರು. "ರೆಪೆಕಾ ಇದ್ದ ಮನೇಲಿ ಇಲ್ಲೇ ಹುಟ್ಟಿದೋರು ಯಾರಿದಾರೆ ಮಗಳೇ?"

ಆ ಮನೆಯಲ್ಲಿ ಇದ್ದವರೇ ಇಬ್ಬರು. ರೆಪೆಕಾಳ ಸೋದರಮಾವ ಪೌಲೋ, ಗೋದಾಮಿನಲ್ಲಿ ಸರಕೆತ್ತುವ ಗಾಡಿ ಓಡಿಸುವವನು. ಅವನು ಇಲ್ಲಿಗೆ ಬಂದದ್ದು ಮೂವತ್ತನೆಯ ವಯಸ್ಸಿಗೆ. ಇನ್ನೊಬ್ಬಳು ಅವನ ಮಗಳು ಕೆಸಾಯಾ. ಹತ್ತೊಂಬತ್ತು ವರ್ಷ.

ಗಡಿಯಾರ ನೋಡಿದೆ. ಹನ್ನೆರಡೂಕಾಲು. ಭಾನುವಾರ. ಚರ್ಚು ಬಿಟ್ಟಿರುತ್ತದೆ.

*

ನಮ್ಮ ಜನರ ಮನೆಗಳಲ್ಲಿ ಕಾರು ಬಯಲಲ್ಲಿ ನಿಲ್ಲುತ್ತದೆ, ಕಾರು ನಿಲ್ಲಬೇಕಾದ ಗ್ಯಾರೇಜಿನಲ್ಲಿ ನೆಂಟರು ಕೂರುತ್ತಾರೆ. ಪೌಲೋ ಹಿತ್ತಲಿನಲ್ಲಿ ಕಲ್ಲೊಲೆಯ ಮೇಲಿನ ಎಲೆಗಳನ್ನು ಸರಿಸುತ್ತಿದ್ದ. ತೆಂಗಿನ ಹಾಲಿನಲ್ಲಿ ಬೆಂದ ಕೆಸುವಿನೆಲೆಯ ವಾಸನೆ ಬೀದಿಯವರೆಗೂ ಬಂದಿತ್ತು. ಮಿಸ್ ಅನ್ನು ಕಂಡ ಕೂಡಲೇ ಅವನು ಟೋಪಿ ತೆಗೆದ. ಅವನೂ ಒಂದು ಕಾಲದಲ್ಲಿ ಅವರ ಹಿಂದಿನ ಬೆಂಚಿನ ಹುಡುಗನೇ.

"ಬನ್ನಿ ಮಿಸ್, ಬನ್ನಿ. ಊಟದ ಹೊತ್ತಿಗೆ ಬಂದ್ರಿ. ಅಕ್ಕ ನಿನ್ನೆ ಫೋನ್ ಮಾಡಿದ್ಲು. ಹೋದ ವಾರ ರೆಪೆಕಾ ಚೆನ್ನಾಗಿ ಬರೆದಿದ್ಲಂತಲ್ಲ? ಉತ್ತರದ ಕಡೆ ಕೆಲಸ ಹಿಡಿಸಿರಬೇಕು. ಈ ಪೊಲೀಸ್ ಮಗಳಿಗೆ ಸ್ವಲ್ಪ ಹೇಳಿ, ಸುಮ್ಮನೆ ಹೆದರಿಸ್ತಾಳೆ ನನ್ನ."

ಮಿಸ್ ಅವನನ್ನು ದಾಟಿ ಒಳಗೆ ನಡೆದರು. ಗ್ಯಾರೇಜಿನೊಳಗೆ ಕೆಸಾಯಾ ಬಿಳಿ ಭಾನುವಾರದ ಉಡುಪಿನಲ್ಲೇ ಕೂತು ತಟ್ಟೆಗಳನ್ನು ಒರೆಸುತ್ತಿದ್ದಳು. ನಮ್ಮನ್ನು ಕಂಡು ಒರೆಸಿದ ತಟ್ಟೆಯನ್ನೇ ಮತ್ತೆ ಒರೆಸಿದಳು.

ಮಿಸ್ ಅವಳೆದುರು ಕೂತು, ಒಂದು ಖಾಲಿ ಹಾಳೆ ಮತ್ತು ಪೆನ್ನು ಮುಂದಿಟ್ಟರು.

"ಏನಿದು ಮಿಸ್, ಊಟಕ್ಕೆ ಮುಂಚೆ ಪರೀಕ್ಷೆನಾ? ನಾನು ಸೂಪರ್‌ಮಾರ್ಕೆಟ್ಟಲ್ಲಿ ಬಿಲ್ ಹಾಕೋಳು. ನನಗ್ಯಾಕೆ?"

"ಒಂದೇ ವಾಕ್ಯ ಕಣೇ. 'ನಾನು ಅವಳನ್ನು ನೋಡಿದ್ದರೆ ನಿಮಗೆ ಹೇಳುತ್ತಿದ್ದೆ.' ಇಂಗ್ಲಿಷಲ್ಲಿ ಬರಿ."

"ಇಷ್ಟೇನಾ?" ಅವಳು ನಕ್ಕು ಸರಸರನೆ ಗೀಚಿದಳು. ಹುಟ್ಟಿನಿಂದ ಆಡಿದ ಭಾಷೆ, ಕೈ ತಡೆಯಲಿಲ್ಲ. ಹಾಳೆಯನ್ನು ತಿರುಗಿಸಿ ಮುಂದೆ ತಳ್ಳಿದಳು.

'ಇಫ್ ಐ ಸೀನ್ ಹರ್ ಐ ವುಡ್ ಆಫ್ ಟೋಲ್ಡ್ ಯೂ.'

ಮಿಸ್ ಚೀಲದಿಂದ ಜೂನ್ ಒಂಬತ್ತರ ಹಾಳೆ ತೆಗೆದು ಅದರ ಪಕ್ಕದಲ್ಲಿಟ್ಟರು. ಜುಲೈಯದು. ಆಗಸ್ಟಿನದು. ಒಂದೊಂದರಲ್ಲೂ ಕೆಂಪು ಸುತ್ತು ಅದೇ ಎರಡು ಕಡೆ.

ಕೆಸಾಯಾಳ ನಗು ಮುಖದ ಮೇಲೆಯೇ ಉಳಿದುಹೋಯಿತು, ಒಳಗಿನಿಂದ ಖಾಲಿಯಾಗಿ.

"ನಾನು ಬರೆದಿದ್ದಲ್ಲ," ಎಂದಳು.

"ಕೆಸ್," ಎಂದೆ. "ನಾನೂ ಹೀಗೇ ಬರೆಯೋದು. ಅದಕ್ಕೇ ಗೊತ್ತಾಯ್ತು. ಫೋನ್ ನಿನ್ನ ಹತ್ರ ಹೇಗೆ ಬಂತು?"

"ನನಗೇನೂ ಗೊತ್ತಿಲ್ಲ ಅಂದ್ನಲ್ಲ!"

"ಅವಳ ತಾಯಿಗೆ ನಾನು ಓದಿ ಹೇಳಿದೀನಿ ಕಣೇ," ಎಂದರು ಮಿಸ್. ದನಿ ಏರಿತ್ತು. "ಪ್ರತಿ ವಾರ. ಆ ಹೆಂಗಸು ಕಣ್ಣು ಮುಚ್ಚಿ ಕೇಳ್ತಾಳೆ. 'ಸಮುದ್ರ ನೋಡಿದೆ' ಅಂತ ನೀನು ಬರೆದಿದ್ದಕ್ಕೆ, ನನ್ನ ಮಗಳು ಸಮುದ್ರ ನೋಡಿದ್ಲು ಅಂತ ಊರೆಲ್ಲ ಹೇಳ್ಕೊಂಡು ಬಂದ್ಲು. ನಿನಗೆ ನಾಚಿಕೆ ಆಗ್ಲಿಲ್ವಾ? ಒಂದು ತಾಯಿಗೆ ಸುಳ್ಳು ಮಗಳನ್ನ ಕೊಟ್ಯಲ್ಲ!"

ತಟ್ಟೆ ನೆಲಕ್ಕೆ ಬಿತ್ತು. ಕೆಸಾಯಾ ಎದ್ದು ನಿಂತಿದ್ದಳು.

"ನಾಚಿಕೆನಾ? ನನಗಾ?" ಅವಳು ಹಾಳೆಗಳನ್ನು ಮಿಸ್ ಕಡೆಗೆ ತಳ್ಳಿದಳು. "ಕೊನೇ ಸಲ ಅವಳೇ ಬರೆದಾಗ ನೀವು ಏನು ಉತ್ತರ ಕಳಿಸಿದ್ರಿ ಮಿಸ್? ಹೇಳಿ. ಈ ಪೊಲೀಸಿನೋಳಿಗೆ ಹೇಳಿ. ಆ ಹಾಳೆ ತಂದಿದೀರಾ? ತಂದಿರಲ್ಲ."

ಮಿಸ್ ಪೆನಿನಾ ಬೈಬಲನ್ನು ಎದೆಗವಚಿಕೊಂಡರು.

"ನನಗೆ ತೋರಿಸಿದ್ಲು. ನನ್ನ ಹಾಸಿಗೆ ಮೇಲೆ ಕೂತ್ಕೊಂಡು, ಮೂರು ಸಲ ಓದಿದ್ಲು. 'ಕೆಸ್, ಮಿಸ್ ಆರು ಅಂಕ ಕೊಟ್ಟಿದಾರೆ ನೋಡು' ಅಂದ್ಲು. ನಕ್ಕಳು ಮಿಸ್. ಅವಳು ಸಾಯ್ತೀನಿ ಅಂತ ಬರೆದಿದ್ರೂ ನೀವು ಅದರ ಕ್ರಿಯಾಪದ ತಿದ್ತಿದ್ರಿ!"

ಹಿತ್ತಲ ಬಾಗಿಲಲ್ಲಿ ಪೌಲೋ ಎಲೆಯ ಪೊಟ್ಟಣಗಳ ಬುಟ್ಟಿ ಹಿಡಿದು ನಿಂತಿದ್ದ. ಯಾವಾಗ ಬಂದನೋ ತಿಳಿಯದು.

ಮಿಸ್ ಬೈಬಲ್ ತೆರೆದರು. ನಡುವಿನಿಂದ ನಾಲ್ಕು ಮಡಿಕೆಯ ಹಾಳೆಯೊಂದನ್ನು ತೆಗೆದು ನನ್ನ ಕೈಗಿಟ್ಟರು. ನನ್ನ ಮುಖ ನೋಡಲಿಲ್ಲ.

ಮೇ ಇಪ್ಪತ್ತಾರು. ಹತ್ತು ಸಾಲಿನ ಬದಲು ಎರಡೇ ಸಾಲು.

'ಮಿಸ್, ಐ ಡಿಡ್ ನಾಟ್ ಏಟ್ ಫೋರ್ ಡೇಸ್. ಐ ಆಮ್ ನಾಟ್ ವಾಂಟಿಂಗ್ ಎನಿಥಿಂಗ್ ನೌ.'

ನಾಲ್ಕು ದಿನದಿಂದ ಉಂಡಿಲ್ಲ ಮಿಸ್. ಈಗ ನನಗೆ ಏನೂ ಬೇಡ.

'ಏಟ್' ಮೇಲೆ ಕೆಂಪು ಗೆರೆ, ಮೇಲೆ 'ಈಟ್'. 'ವಾಂಟಿಂಗ್' ಮೇಲೆ ಕೆಂಪು ಗೆರೆ. ಪಕ್ಕದಲ್ಲಿ ಅಚ್ಚುಕಟ್ಟಾದ ಅಕ್ಷರದಲ್ಲಿ, 'ಬಯಕೆಯನ್ನು ಹೇಳುವ ಈ ಕ್ರಿಯಾಪದಕ್ಕೆ ಇಂಗ್ ಸೇರಿಸಬಾರದು. ಎಷ್ಟು ಸಲ ಹೇಳಬೇಕು? ಎರಡೇ ಸಾಲು ಬರೆದರೆ ಸಾಲದು. ಹತ್ತಕ್ಕೆ ಆರು.'

ಬೀದಿಯಲ್ಲಿ ಯಾರದೋ ಮನೆಯ ಹುಲ್ಲು ಕತ್ತರಿಸುವ ಯಂತ್ರ ಸದ್ದು ಮಾಡುತ್ತಿತ್ತು.

"ಓದಿದೆ," ಎಂದರು ಮಿಸ್. "ಅಕ್ಷರ ಅಕ್ಷರ ಓದಿದೆ. ಅವಳು ಏನು ಹೇಳ್ತಿದಾಳೆ ಅಂತ ಮಾತ್ರ ಓದಲಿಲ್ಲ. ಅಸೋಮುವಾಗೆ ಆ ವಾರ ಏನು ಹೇಳಿದೆ ಗೊತ್ತಾ? ಹುಡುಗಿ ಸೋಮಾರಿ ಆಗಿದಾಳೆ ಅಂದೆ."

ಅವರು ಕೆಸಾಯಾಳ ಕಡೆ ಕೈ ಚಾಚಿದರು. ಆ ತಾಯಿಯಿಲ್ಲದ ಹುಡುಗಿ ಒಂದು ಕ್ಷಣ ಹಿಂದೆ ಸರಿದು, ಆಮೇಲೆ ನೆಲಕ್ಕೆ ಕುಸಿದು ಅವರ ಮಡಿಲಲ್ಲಿ ತಲೆಯಿಟ್ಟಳು. ಬಿಕ್ಕುತ್ತಲೇ ಹೇಳಿದಳು.

ಮೇ ಮೂವತ್ತೊಂದು, ಶುಕ್ರವಾರ. ಪರೀಕ್ಷೆಯ ಫಲಿತಾಂಶ ಬಂತು. ನಾಲ್ಕನೆಯ ಸಲ, ಅದೇ ಅರ್ಧ ಅಂಕ. ರೆಪೆಕಾ ಅಳಲಿಲ್ಲ. ಕೆಲಸದ ಸಮವಸ್ತ್ರ ಹಾಕಿಕೊಂಡಳು, ಸಣ್ಣ ಚೀಲ ತಗೊಂಡಳು. ಫೋನನ್ನು ಕೆಸಾಯಾಳ ಹಾಸಿಗೆಯ ಮೇಲಿಟ್ಟಳು. 'ಭಾನುವಾರ ಮಿಸ್‌ಗೆ ಏನಾದ್ರೂ ಬರೆದುಬಿಡೇ. ಅಮ್ಮ ಕಾಯ್ತಿರ್ತಾಳೆ. ನನ್ನ ಕೈಲಿ ಇನ್ನು ಬರೆಯಕ್ಕಾಗಲ್ಲ,' ಎಂದು ಮಧ್ಯಾಹ್ನದ ಪಾಳಿಗೆ ಹೊರಟಳು. ವೃದ್ಧಾಶ್ರಮದ ಬಾಗಿಲನ್ನು ಅವಳು ಆ ದಿನ ದಾಟಲೇ ಇಲ್ಲ.

"ಒಂದು ವಾರ ಅಂದ್ಕೊಂಡೆ. ಬರ್ತಾಳೆ ಅಂದ್ಕೊಂಡೆ. ಬರ್ಲಿಲ್ಲ. ಅಪ್ಪನಿಗೆ ಉತ್ತರಕ್ಕೆ ಕೆಲಸಕ್ಕೆ ಹೋದ್ಲು ಅಂತ ಹೇಳ್ಬಿಟ್ಟೆ. ಬರೆಯೋದು ನಿಲ್ಲಿಸಿದ್ರೆ ಅವಳು ಸತ್ತೇ ಹೋದ್ಲು ಅನ್ನಿಸ್ತಿತ್ತು ಮಿಸ್. ಬರೀತಿದ್ರೆ ಎಲ್ಲೋ ಇದಾಳೆ ಅನ್ನಿಸ್ತಿತ್ತು."

ಬುಟ್ಟಿ ಪೌಲೋನ ಕೈಯಿಂದ ಜಾರಿ ನೆಲಕ್ಕೆ ಕೂತಿತು. "ಅವಳು ಬರೀತಿದಾಳೆ ಅಂತ ತಾನೇ ನಾನು ಪೊಲೀಸ್ ಹತ್ರ ಹೋಗ್ಲಿಲ್ಲ," ಎಂದ. ಮಗಳನ್ನು ಬೈಯುತ್ತಿರಲಿಲ್ಲ. ಲೆಕ್ಕ ತಪ್ಪಿದವನಂತೆ ಮತ್ತೆ ಮತ್ತೆ ಅದನ್ನೇ ಹೇಳಿದ. "ಬರೀತಿದಾಳೆ ಅಂತ ಅಕ್ಕ ಹೇಳ್ತಿದ್ಲು. ಬರೀತಿರೋಳನ್ನ ಯಾರು ಹುಡುಕ್ತಾರೆ ಹೇಳಿ? ಐದು ತಿಂಗಳು ಮಗಳೇ. ಐದು ತಿಂಗಳು ನಾನು ಇಲ್ಲಿ ಕಲ್ಲೊಲೆ ಹಚ್ಕೊಂಡು ಕೂತಿದ್ದೆ."

ನಾನು ಬಗ್ಗಿ ಕೆಸಾಯಾಳ ಭುಜ ಮುಟ್ಟಿದೆ. "ಫೋನ್ ಕೊಡು ಕೆಸ್. ಅದರಲ್ಲಿ ಏನಾದ್ರೂ ಸಿಗಬಹುದು."

ಅವಳು ತಲೆಯೆತ್ತಿದಳು. ಕೆನ್ನೆ ಒದ್ದೆ. ಕಣ್ಣಲ್ಲಿ ಬೇರೊಂದು ಭಯ.

"ನನ್ನ ಹತ್ರ ಇಲ್ಲ ಅಕ್ಕ."

"ಮತ್ತೆ ಹೋದ ವಾರ ಕಳಿಸಿದ್ದು?"

"ನಾನಲ್ಲ. ಅದನ್ನೇ ಹೇಳಬೇಕು ಅಂತಿದ್ದೆ, ಹೆದರಿಕೆ ಆಗ್ತಿತ್ತು. ಅಕ್ಟೋಬರ್ ಹದಿಮೂರು, ಚರ್ಚಲ್ಲಿ ಮಕ್ಕಳ ಹಬ್ಬ ಮಾಡೋ ಭಾನುವಾರ, ನಾವಿಬ್ಬರೂ ಬೆಳಿಗ್ಗೆಯಿಂದ ಚರ್ಚಲ್ಲಿದ್ವಿ. ಮನೆಗೆ ಬಂದು ನೋಡಿದ್ರೆ ನನ್ನ ಡ್ರಾಯರ್ ತೆಗೆದಿತ್ತು. ಫೋನಿಲ್ಲ. ಚಾರ್ಜರಿಲ್ಲ. ರೆಪೆಕಾಳ ಹಸಿರು ಸ್ವೆಟರ್ ಇಲ್ಲ. ಬೇರೆ ಏನೂ ಮುಟ್ಟಿರಲಿಲ್ಲ. ಬೀಗ ಒಡೆದಿರಲಿಲ್ಲ, ಬೀಗದ ಕೈ ಹಾಕಿ ತೆಗೆದಿದ್ರು. ಅವತ್ತಿಂದ ನಾನು ಒಂದಕ್ಷರ ಕಳಿಸಿಲ್ಲ. ದೇವರಾಣೆ."

ಮಿಸ್ ಪೆನಿನಾ ಎರಡನೆಯ ಗುಡ್ಡೆಯನ್ನು ಬಾಚಿಕೊಂಡು ಕೊನೆಯ ನಾಲ್ಕು ಹಾಳೆಗಳನ್ನು ಬೇರೆ ಮಾಡಿದರು. ಅಕ್ಟೋಬರ್ ಹದಿಮೂರು, ಇಪ್ಪತ್ತು, ಇಪ್ಪತ್ತೇಳು, ನವೆಂಬರ್ ಮೂರು. ಅವರ ಬೆರಳು ಸಾಲುಗಳ ಮೇಲೆ ಓಡಿತು. ಕೆಂಪು ಗೆರೆ ಒಂದೂ ಇರಲಿಲ್ಲ. ನಾಲ್ಕರ ಕೆಳಗೂ ದೊಡ್ಡದಾಗಿ ಹತ್ತಕ್ಕೆ ಹತ್ತು.

"ಎಲ್ಲಾ ಸರಿ ಇದೆ," ಎಂದು ಪಿಸುಗುಟ್ಟಿದರು. "ಹ್ಯಾಡ್ ಬೀನ್, ವುಡ್ ಹ್ಯಾವ್, ಒಂದೂ ತಪ್ಪಿಲ್ಲ. ಮುಂದಿನ ಪರೀಕ್ಷೆ ಪಾಸಾಗ್ತಾಳೆ ಅಂತ ಅಸೋಮುವಾಗೆ ನಾನೇ ಹೇಳಿದೆ. ಅವಳು ಚರ್ಚಲ್ಲಿ ಎದ್ದು ನಿಂತು ದೇವರಿಗೆ ಸ್ತೋತ್ರ ಹೇಳಿದ್ಲು, ಟೆಪೋರಾ. ನಾವು ಮೂಢರು. ಮೊದಲು ಒಬ್ಬಳು ಹೋಗಿ ಇನ್ನೊಬ್ಬಳು ಬಂದ್ಲು. ಈಗ ಮೂರನೆಯವರು ಯಾರೋ ಬಂದಿದಾರೆ."

"ಅಥವಾ ಮೊದಲನೆಯವಳೇ ವಾಪಸ್ ಬಂದಿರಬಹುದಲ್ವಾ ಮಿಸ್?" ಎಂದಳು ಕೆಸಾಯಾ. "ಬೀಗದ ಕೈ ಅವಳ ಹತ್ರಾನೂ ಒಂದಿತ್ತು. ಇಷ್ಟು ದಿನ ಎಲ್ಲೋ ಕೂತು ಓದಿರಬಹುದು. ಕಲಿತಿರಬಹುದು."

ಆ ಹುಡುಗಿಯ ಮುಖದಲ್ಲಿ ಎಷ್ಟು ಆಸೆಯಿತ್ತೆಂದರೆ ನಾನು ಬೇರೆ ಕಡೆ ನೋಡಿದೆ. ಬೀಗದ ಕೈ ಇರುವವಳೇ ಆ ಮನೆಗೆ ಬರಬೇಕೆಂದಿಲ್ಲ. ಅವಳಿಂದ ಅದನ್ನು ತೆಗೆದುಕೊಂಡವರೂ ಬರಬಹುದು.

ಒಂದು ಐವತ್ತೆರಡು. ನಾನು ಸಾರ್ಜೆಂಟ್‌ಗೆ ಫೋನ್ ಮಾಡಿ, ಟವರಿನವರನ್ನು ಎಚ್ಚರಿಸು, ಇವತ್ತು ಪ್ರತಿ ನಿಮಿಷ ನೋಡುತ್ತಿರಲಿ ಎಂದೆ. ವಾಪಸ್ ಬಂದಾಗ ಮಿಸ್ ತಮ್ಮ ಫೋನು ತೆಗೆದು ಮುಖದ ಹತ್ತಿರ ಹಿಡಿದು, ಒಂದೊಂದೇ ಅಕ್ಷರ ಒತ್ತುತ್ತಿದ್ದರು.

"ಏನು ಬರೀತಿದೀರ?"

"ಮೇ ತಿಂಗಳಲ್ಲಿ ಬರೀಬೇಕಾಗಿದ್ದು."

ಅವರು ತೋರಿಸಿದರು. ಒಪ್ಪಂದ ಮುರಿದು, ಮೊದಲ ಬಾರಿಗೆ ಸಮೋವನ್ ಭಾಷೆಯಲ್ಲಿ. 'ರೆಪೆಕಾ, ಎಲ್ಲಿದ್ದೀಯೆ ಕೂಸೇ? ಏನಾದರೂ ಉಂಡೆಯಾ? ಪರೀಕ್ಷೆ ಬೇಡ. ನಿನ್ನ ಅಮ್ಮ ಕಾಯ್ತಿದಾಳೆ, ನಾನೂ ಕಾಯ್ತಿದೀನಿ.'

ಕಳಿಸಿದರು. ಒಂದು ಗೀಟು ಮೂಡಿತು. ಆ ಕಡೆಯ ಫೋನಿಗೆ ಇನ್ನೂ ಜೀವ ಬಂದಿರಲಿಲ್ಲ.

ನಾಲ್ವರೂ ಆ ಸಣ್ಣ ಗಾಜಿನ ಸುತ್ತ ತಲೆ ಕೂಡಿಸಿ ಕೂತೆವು. ಕೆಸುವಿನೆಲೆಯ ಪೊಟ್ಟಣಗಳು ಬುಟ್ಟಿಯಲ್ಲೇ ಆರುತ್ತಿದ್ದವು. ಪೌಲೋ ತುಟಿಯಾಡಿಸುತ್ತಿದ್ದ, ಪ್ರಾರ್ಥನೆಯಿರಬೇಕು. ಎರಡು ಗಂಟೆಯಾಯಿತು. ಎರಡು ಗಂಟೆ ಒಂದು ನಿಮಿಷ. ಎರಡು ನಿಮಿಷ.

ಎರಡು ಗಂಟೆ ಮೂರು ನಿಮಿಷಕ್ಕೆ ಎರಡನೆಯ ಗೀಟು ಬಂತು.

ಆ ಕಡೆ ಯಾರೋ ಓದುತ್ತಿದ್ದಾರೆ. ಯಾರೋ ಬರೆಯುತ್ತಿದ್ದಾರೆ. ಚುಕ್ಕಿಗಳು ಕುಣಿದವು, ನಿಂತವು, ಮತ್ತೆ ಕುಣಿದವು. ಕೆಸಾಯಾಳ ಉಗುರು ನನ್ನ ತೋಳಿಗೆ ನಾಟಿತ್ತು.

ಉತ್ತರ ಬಂತು. ಇಂಗ್ಲಿಷಿನಲ್ಲಿ. ಮೂರು ವಾಕ್ಯ.

'ಕ್ಷಮಿಸಿ, ಈ ಭಾಷೆ ನನಗೆ ತಿಳಿಯದು. ದಯವಿಟ್ಟು ಇಂಗ್ಲಿಷಿನಲ್ಲಿ ಬರೆಯಿರಿ.'

ಮೂರನೆಯದನ್ನು ಇದ್ದ ಹಾಗೆಯೇ ಗಟ್ಟಿಯಾಗಿ ಓದಿದೆ.

"ಶೀ ಈಸ್ ಸ್ಲೀಪಿಂಗ್."

ಕೂಡಲೇ ಆ ನಂಬರಿಗೆ ಕರೆ ಮಾಡುವಷ್ಟರಲ್ಲಿ ಫೋನು ಆರಿಹೋಗಿತ್ತು. ಸಾರ್ಜೆಂಟ್‌ಗೆ ಹಚ್ಚಿದೆ. ಲೋಗನ್ನಿನ ಸುತ್ತಲೇ, ಅದಕ್ಕಿಂತ ಹತ್ತಿರಕ್ಕೆ ಹೇಳಲಾರೆ ಎಂದ.

ಪೌಲೋ ಮುಖ ಮುಚ್ಚಿಕೊಂಡು ಅಳುತ್ತಿದ್ದ. ದೊಡ್ಡ ಮೈಯ ಗಂಡಸು, ಭುಜವೆಲ್ಲ ಅಲುಗುತ್ತಿತ್ತು.

"ಯಾಕೋ ಅಳ್ತೀಯ?" ಮಿಸ್ ಪೆನಿನಾ ಅವನ ತೋಳು ಹಿಡಿದು ಅಲ್ಲಾಡಿಸಿದರು. ಅವರ ಕಣ್ಣು ಹೊಳೆಯುತ್ತಿತ್ತು. "ನಾನು ಕಲಿಸಿದ್ದು ಮರೆತ್ಯಾ? 'ಈಸ್ ಸ್ಲೀಪಿಂಗ್' ಅಂತ ಬರೆದಿದಾರೆ ನೋಡು. ಈಗ, ಈ ಗಳಿಗೆಯಲ್ಲಿ ನಡೀತಿರೋದಕ್ಕೆ ಮಾತ್ರ ಹಾಗೆ ಬರೀತಾರೆ. ಇಷ್ಟು ಸರಿಯಾಗಿ ಬರೆಯೋರು ಅದರಲ್ಲಿ ತಪ್ಪಲ್ಲ. ಇದಾಳೆ ಕಣೋ. ಮಲಗಿದಾಳೆ ಅಷ್ಟೇ. ಏಳ್ತಾಳೆ."

ಪೌಲೋ ಕೈ ತೆಗೆದ. ಹಳೆಯ ಮೇಡಂಗೆ ಎದುರಾಡಲು ಹೆದರುವ ಹುಡುಗನಂತೆ ತಲೆ ತಗ್ಗಿಸಿಯೇ ಹೇಳಿದ.

"ನನ್ನ ಹೆಂಡತಿ ಸಮಾಧಿ ಕಲ್ಲಿನ ಮೇಲೂ ಅದನ್ನೇ ಬರೆಸಿದೀನಿ ಮಿಸ್."